ಹೊಲಿಸಿದ ಅಂಗಿ, ಸಿದ್ಧ ಅಂಗಿ: ನಮ್ಮ ಪ್ರೊಸೆಸರಿಗೆಂದೇ ಕಂಪೈಲ್ ಮಾಡಿದರೆ ಲಾಭ ಎಷ್ಟು?

(ವಾಗೆನಿಂಗನ್‌ನಲ್ಲಿ ನಡೆದ ನಮ್ಮ ಬಳಗದ ವಾರ್ಷಿಕ ಸಮ್ಮೇಳನದಲ್ಲಿ ಮಾಡಿದ ಪ್ರಧಾನ ಭಾಷಣದ ಪಠ್ಯ)



ನಾನು ಕಂಪ್ಯೂಟರ್ ವಿಜ್ಞಾನಿಯಲ್ಲ. ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. ಹಾಗಿದ್ದರೂ ಸಂಘಟಕರು ಈ ವಿಷಯವನ್ನು ನನಗೆ ಕೊಟ್ಟದ್ದಕ್ಕೆ ಕಾರಣ ಯುಗಾದಿ ಊಟದ ಹೊತ್ತಿನಲ್ಲಿ ಎದ್ದ ಒಂದು ವಾದ. ನಮ್ಮ ಕಿರಿಯ ಮಿತ್ರರೊಬ್ಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಜೆಂಟೂ ಲಿನಕ್ಸ್ ಹಾಕಿಕೊಂಡಿದ್ದಾರೆ. ಪ್ರತಿಯೊಂದು ತಂತ್ರಾಂಶವನ್ನೂ ತಮ್ಮ ಪ್ರೊಸೆಸರಿಗೆ ಸರಿಹೊಂದುವಂತೆ ತಾವೇ ಕಂಪೈಲ್ ಮಾಡಿಕೊಳ್ಳುತ್ತಾರೆ. "ಅಣ್ಣ, ಹೀಗೆ ಮಾಡಿದರೆ ಹಳೇ ಲ್ಯಾಪ್‌ಟಾಪ್ ಹೊಸದರ ಹಾಗೆ ಓಡುತ್ತದೆ, ಸುಮ್ಮನೆ ಎಂಟುನೂರು ಯೂರೋ ಯಾಕೆ ಸುರಿಯಬೇಕು?" ಎಂದರು. ಇನ್ನೊಬ್ಬರು, "ಅದೆಲ್ಲ ಮನಸ್ಸಿನ ಸಮಾಧಾನ" ಎಂದರು. ಹಣದ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಆ ದಿನ ಕೊಡದ ಉತ್ತರವನ್ನು ಈ ದಿನ ಜಮಾ-ಖರ್ಚು ಸಮೇತ ಒಪ್ಪಿಸುತ್ತೇನೆ.

ಪ್ರಶ್ನೆ ಸಣ್ಣದಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮಲ್ಲಿ ಅನೇಕರ ಮನೆಯಲ್ಲಿ, ಊರಿನಲ್ಲಿ ಅಪ್ಪ-ಅಮ್ಮನ ಮೇಜಿನ ಮೇಲೆ, ಇನ್ನೂ ಕೆಲಸ ಮಾಡುವ, ಆದರೆ ವಿಂಡೋಸ್ 11 ಒಪ್ಪದ ಯಂತ್ರಗಳಿವೆ. ಎಸೆಯಬೇಕೇ, ಇಟ್ಟುಕೊಳ್ಳಬೇಕೇ, ಇಟ್ಟುಕೊಂಡರೆ ವೇಗ ಹೇಗೆ ಎಂಬುದು ಮನೆಯ ಬಜೆಟ್ಟಿನ ವಿಷಯ.

ಕಂಪೈಲ್ ಎಂದರೆ ಏನು

ಪ್ರೋಗ್ರಾಂ ಬರೆಯುವವರು ಮನುಷ್ಯರಿಗೆ ಓದಲು ಬರುವ ಭಾಷೆಯಲ್ಲಿ ಬರೆಯುತ್ತಾರೆ. ಅದನ್ನು ಪ್ರೊಸೆಸರಿನ ಆಜ್ಞೆಗಳಾಗಿ ಬದಲಾಯಿಸುವ ಕೆಲಸ ಕಂಪೈಲರಿನದು. ಈ ದೇಶದಲ್ಲೇ ಇದಕ್ಕೊಂದು ಚರಿತ್ರೆಯಿದೆ. 1960ರ ಆಗಸ್ಟ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಎಡ್ಸ್‌ಖರ್ ಡೈಕ್‌ಸ್ಟ್ರಾ ಮತ್ತು ಯಾಪ್ ಝೋನೆವೆಲ್ಡ್ ಸೇರಿ ಎಕ್ಸ್1 ಎಂಬ ಡಚ್ ಕಂಪ್ಯೂಟರಿಗೆ ಆಲ್ಗಾಲ್ 60 ಭಾಷೆಯ ಕಂಪೈಲರ್ ಬರೆದು ಮುಗಿಸಿದರು. ಮುಗಿಯುವ ತನಕ ಇಬ್ಬರೂ ಗಡ್ಡ ಬೋಳಿಸುವುದಿಲ್ಲ ಎಂದು ಪಣ ತೊಟ್ಟಿದ್ದರು ಎಂಬ ಕತೆಯಿದೆ. ಆ ಎಕ್ಸ್1 ಯಂತ್ರವನ್ನು ತಯಾರಿಸಿದ ಕಂಪನಿ ಹುಟ್ಟಿದ್ದು ಒಂದು ವಿಮಾ ಸಂಸ್ಥೆಯ ಬೆಂಬಲದಿಂದ. ಲೆಕ್ಕಪತ್ರದವರಿಗೂ ಕಂಪ್ಯೂಟರಿಗೂ ನಂಟು ಹಳೆಯದು.

ಆ ಕಾಲದಲ್ಲಿ ಪ್ರತಿ ಯಂತ್ರದ ಆಜ್ಞೆಗಳೂ ಬೇರೆ ಬೇರೆ. ಈಗ ನಮ್ಮ ನಿಮ್ಮ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ಒಂದೇ ಕುಟುಂಬದವು: ಎಕ್ಸ್86-64. ಎಎಂಡಿ ಕಂಪನಿಯ ಆಪ್ಟೆರಾನ್ ಜೊತೆ 2003ರಲ್ಲಿ ಮಾರುಕಟ್ಟೆಗೆ ಬಂದ ಕುಟುಂಬ ಇದು. ಆಮೇಲೆ ಬಂದ ಚಿಪ್ಪುಗಳು ಹೊಸ ಹೊಸ ಆಜ್ಞೆಗಳನ್ನು ಕಲಿತವು. 2013ರ ಇಂಟೆಲ್ ಹ್ಯಾಸ್‌ವೆಲ್ ಕಲಿತ ಎವಿಎಕ್ಸ್2 ಎಂಬ ಗುಂಪಿನ ಆಜ್ಞೆಗಳಿಂದ ಎಂಟು ಸಣ್ಣ ಪೂರ್ಣಾಂಕಗಳನ್ನು ಒಂದೇ ಏಟಿಗೆ ಕೂಡಿಸಬಹುದು. ಆದರೆ ತಂತ್ರಾಂಶ ಹಂಚುವವರಿಗೆ ನಿಮ್ಮ ಮನೆಯಲ್ಲಿ ಯಾವ ಚಿಪ್ ಇದೆ ಎಂದು ಗೊತ್ತಿಲ್ಲ. ಹಾಗಾಗಿ ಎಲ್ಲರಿಗೂ ಆಗುವಂತೆ 2003ರ ಆಜ್ಞೆಗಳಲ್ಲೇ ಕಂಪೈಲ್ ಮಾಡಿ ಕೊಡುವುದು ರೂಢಿ.

ಇದು ಸಿದ್ಧ ಅಂಗಿ. ಎಲ್ಲರ ಮೈಗೂ ಹತ್ತುತ್ತದೆ, ಯಾರ ಮೈಗೂ ಪೂರ್ತಿ ಕೂರುವುದಿಲ್ಲ. ಜೆಂಟೂ ಮಿತ್ರರದು ಅಳತೆ ಕೊಟ್ಟು ಹೊಲಿಸಿದ ಅಂಗಿ. ಅದಕ್ಕೆ ಕಂಪೈಲರಿಗೆ ಕೊಡುವ ಸೂಚನೆಯ ಹೆಸರು "ಮಾರ್ಚ್ ನೇಟಿವ್". ನನ್ನಂಥವನಿಗೆ ಮಾರ್ಚ್ ಎಂದರೆ ವರ್ಷಾಂತ್ಯದ ತಲೆನೋವು. ಇಲ್ಲಿ ಮಾತ್ರ ಅದು ಯಂತ್ರದ ವಿನ್ಯಾಸ ಎಂಬುದರ ಮೊಟಕು. "ಈ ಯಂತ್ರದಲ್ಲಿ ಏನೇನಿದೆಯೋ ಎಲ್ಲ ಬಳಸು" ಎಂದರ್ಥ.

2020ರಲ್ಲಿ ಇದಕ್ಕೊಂದು ಮಧ್ಯದ ದಾರಿಯೂ ಬಂತು. ಎಎಂಡಿ, ಇಂಟೆಲ್, ರೆಡ್ ಹ್ಯಾಟ್, ಸೂಸೆ ಸೇರಿ ವಿ1ರಿಂದ ವಿ4ರವರೆಗೆ ನಾಲ್ಕು ಅಳತೆ ಗೊತ್ತುಮಾಡಿದರು. ಅಂಗಡಿಯ ಸ್ಮಾಲ್, ಮೀಡಿಯಂ, ಲಾರ್ಜ್ ಇದ್ದ ಹಾಗೆ. ರೆಡ್ ಹ್ಯಾಟ್ 2022ರ ತನ್ನ 9ನೇ ಆವೃತ್ತಿಗೆ ವಿ2 ಕಡ್ಡಾಯ ಮಾಡಿತು, 2025ರ 10ನೇ ಆವೃತ್ತಿಗೆ ವಿ3.

ಲಾಭ ನಿಜವಾಗಿ ಇರುವ ಜಾಗ

ಮೊದಲು ಜಮಾ ಬದಿ ನೋಡೋಣ. ಲಾಭ ಇದೆ, ಕೆಲವು ಕಡೆ ಭಾರಿಯಾಗಿಯೇ ಇದೆ. ಅದಕ್ಕೆ ನನಗೆ ಬಹಳ ಹೆಮ್ಮೆಯ ಉದಾಹರಣೆ ನಮ್ಮ ಬೆಂಗಳೂರಿನದು.

ಈ ಊರಿನಲ್ಲಿ ಸಸ್ಯ ತಳಿವಿಜ್ಞಾನ ಓದುವವರಿಗೆ ಬಿಡಬ್ಲ್ಯುಎ ಎಂಬ ತಂತ್ರಾಂಶ ಗೊತ್ತಿರುತ್ತದೆ. ಯಂತ್ರ ಓದಿಕೊಟ್ಟ ಡಿಎನ್‌ಎ ತುಣುಕುಗಳು ಪೂರ್ತಿ ಜೀನೋಮಿನಲ್ಲಿ ಎಲ್ಲಿ ಕೂರುತ್ತವೆ ಎಂದು ಹುಡುಕುವ ಕೆಲಸ ಅದರದು. ಕೋಟಿಗಟ್ಟಲೆ ತುಣುಕು, ಒಂದೇ ಬಗೆಯ ಲೆಕ್ಕ ಮತ್ತೆ ಮತ್ತೆ. ಬೆಂಗಳೂರಿನ ಇಂಟೆಲ್ ಪ್ಯಾರಲಲ್ ಕಂಪ್ಯೂಟಿಂಗ್ ಲ್ಯಾಬಿನ ವಾಸಿಮುದ್ದೀನ್ ಮತ್ತು ಸಂಚಿತ್ ಮಿಶ್ರಾ, ಮೂಲ ಲೇಖಕ ಹೆಂಗ್ ಲಿ ಮತ್ತು ಶ್ರೀನಿವಾಸ್ ಆಲೂರು ಅವರ ಜೊತೆ ಸೇರಿ 2019ರಲ್ಲಿ ಇದರ ಹೊಸ ರೂಪ ಪ್ರಕಟಿಸಿದರು. ಹೆಸರು ಬಿಡಬ್ಲ್ಯುಎ-ಮೆಮ್2. ಕೆಲಸ, ದತ್ತಾಂಶ, ಯಂತ್ರ ಇವುಗಳ ಮೇಲೆ ಹೊಂದಿಕೊಂಡು ಹಳೆಯದಕ್ಕಿಂತ 1.3ರಿಂದ 3.1 ಪಟ್ಟು ವೇಗ ಎಂದು ಅದರ ಜೊತೆಗಿನ ವಿವರಣೆ ಹೇಳುತ್ತದೆ. ಮೂರು ದಿನದ ಕೆಲಸ ಒಂದು ದಿನದಲ್ಲಿ ಮುಗಿಯಬಹುದು.

ಲೆಕ್ಕಪರಿಶೋಧಕನಾಗಿ ನನಗೆ ಇದರಲ್ಲಿ ಎರಡು ಸಂಗತಿ ಮುಖ್ಯ. ಒಂದು, ಹೊಸದು ಕೊಡುವ ಉತ್ತರ ಹಳೆಯದರ ಉತ್ತರವೇ, ವ್ಯತ್ಯಾಸವಿಲ್ಲ. ಎರಡು, ಈ ವೇಗ ಕಂಪೈಲರಿನ ಸೂಚನೆ ಬದಲಿಸಿದ ಮಾತ್ರಕ್ಕೆ ಬಂದದ್ದಲ್ಲ. ಪ್ರೊಸೆಸರ್ ಹೇಗೆ ಯೋಚಿಸುತ್ತದೆ, ಮಾಹಿತಿ ಎಲ್ಲಿ ಕೂತಿದ್ದರೆ ಅದರ ಕೈಗೆ ಬೇಗ ಸಿಗುತ್ತದೆ ಎಂದು ನೋಡಿ ಲೆಕ್ಕದ ಕ್ರಮವನ್ನೇ ಮರುಜೋಡಿಸಿದರು. ಬಟ್ಟೆ ಅದೇ, ಕತ್ತರಿಸುವ ಕೈ ಬೇರೆ. ಇನ್ನೊಂದು ಜಾಣತನವೂ ಇದೆ: ಎಸ್‌ಎಸ್‌ಇ, ಎವಿಎಕ್ಸ್2, ಎವಿಎಕ್ಸ್-512 ಹೀಗೆ ಹಲವು ಅಳತೆಯ ಪ್ರತಿಗಳನ್ನು ಒಟ್ಟಿಗೆ ಕೊಟ್ಟು, ಶುರುವಾಗುವಾಗ ನಿಮ್ಮ ಚಿಪ್ ನೋಡಿ ಸರಿಯಾದದ್ದನ್ನು ಅದೇ ಆರಿಸಿಕೊಳ್ಳುತ್ತದೆ. ಬಳಕೆದಾರ ಕಂಪೈಲರಿನ ಹೆಸರೂ ಕೇಳಬೇಕಾಗಿಲ್ಲ.

ಈ ದೇಶದ ಖ್ರೋನಿಂಗನ್‌ನಲ್ಲಿ ಹುಟ್ಟಿದ ಗ್ರೋಮ್ಯಾಕ್ಸ್ ಎಂಬ ಅಣುಗಳ ಚಲನೆಯ ತಂತ್ರಾಂಶದ ಕತೆಯೂ ಇದೇ. ಬೇರೆ ಯಂತ್ರಕ್ಕೆ ಕಂಪೈಲ್ ಆದ ಪ್ರತಿಯನ್ನು ನಿಮ್ಮಲ್ಲಿ ಓಡಿಸಿದರೆ, "ಇದನ್ನು ಬೇರೆ ಯಂತ್ರಕ್ಕೆಂದು ಕಟ್ಟಲಾಗಿದೆ, ವೇಗ ಕಡಿಮೆಯಾಗಬಹುದು" ಎಂಬರ್ಥದ ಎಚ್ಚರಿಕೆಯನ್ನು ಅದೇ ಮುದ್ರಿಸುತ್ತದೆ. ಇಂಥ ವಿಜ್ಞಾನದ ತಂತ್ರಾಂಶಗಳನ್ನು ಪ್ರತಿ ಬಗೆಯ ಪ್ರೊಸೆಸರಿಗೂ ಬೇರೆ ಬೇರೆಯಾಗಿ ಒಮ್ಮೆ ಕಟ್ಟಿಟ್ಟು, ಎಲ್ಲರಿಗೂ ಹಂಚುವ ಇಇಎಸ್‌ಎಸ್‌ಐ ಎಂಬ ಯುರೋಪಿನ ಯೋಜನೆಯ ಬೇರುಗಳೂ ಈ ನಾಡಿನ ವಿಶ್ವವಿದ್ಯಾಲಯಗಳಲ್ಲಿವೆ. ಅದನ್ನು ಅವರು "ಈಜಿ" ಎಂದೇ ಉಚ್ಚರಿಸುತ್ತಾರೆ.

ವಾಗೆನಿಂಗನ್ನಿನ ವೋಫೋಸ್ಟ್ ಎಂಬ ಬೆಳೆ ಮಾದರಿಯನ್ನು ನೆನೆಯಿರಿ. ಮಣ್ಣು, ಮಳೆ, ಬಿಸಿಲಿನ ಅಂಕಿಗಳಿಂದ ಇಳುವರಿ ಅಂದಾಜು ಮಾಡುವ ಫೋರ್ಟ್ರಾನ್ ಮೂಲದ ಲೆಕ್ಕ. ಒಂದು ಹೊಲಕ್ಕೆ ಒಂದು ಸಲ ಓಡಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಕಂಪೈಲ್ ಹೇಗೆ ಮಾಡಿದರೂ ಒಂದೇ. ಇಡೀ ಖಂಡದ ಸಾವಿರಾರು ಚೌಕಗಳಿಗೆ, ಮೂವತ್ತು ವರ್ಷಗಳಿಗೆ ಓಡಿಸುವಾಗ ಹತ್ತು ದಿನದ ಲೆಕ್ಕದಲ್ಲಿ ಶೇಕಡಾ 10 ಉಳಿದರೂ ಒಂದು ದಿನ ಉಳಿಯಿತು. ಲಾಭದ ಮೊದಲ ಷರತ್ತು ಇದು: ಒಂದೇ ಲೆಕ್ಕ, ಬಹಳ ಸಲ, ಪ್ರೊಸೆಸರಿಗೆ ಬಿಡುವಿಲ್ಲದಂತೆ.

ದಿನಬಳಕೆಯ ಲೆಕ್ಕ

ಈಗ ಖರ್ಚಿನ ಬದಿ. ನಮ್ಮ ದಿನದ ಕೆಲಸ ಏನು? ಬ್ರೌಸರ್, ಮೇಲ್, ವಿಡಿಯೋ ಕರೆ, ಎಕ್ಸೆಲ್, ಊರಿನ ಬ್ಯಾಂಕಿನ ಜಾಲತಾಣ. ಇಲ್ಲಿ ಪ್ರೊಸೆಸರ್ ಹೆಚ್ಚು ಹೊತ್ತು ಮಾಡುವ ಕೆಲಸ ಕಾಯುವುದು.

ಸೆಕೆಂಡಿಗೆ 300 ಕೋಟಿ ತಾಳ ಹಾಕುವ ಒಂದು ಪ್ರೊಸೆಸರ್ ತೆಗೆದುಕೊಳ್ಳಿ. ಮುಖ್ಯ ಮೆಮೊರಿಯಿಂದ ಒಂದು ಅಂಕಿ ತರಿಸಲು ಸುಮಾರು 100 ನ್ಯಾನೋಸೆಕೆಂಡು. ಅಷ್ಟರಲ್ಲಿ 300 ತಾಳ ಹೋಯಿತು. ತಿರುಗುವ ಹಳೇ ಹಾರ್ಡ್ ಡಿಸ್ಕಿನಿಂದ ತರಿಸಲು ಸುಮಾರು 10 ಮಿಲಿಸೆಕೆಂಡು. 3 ಕೋಟಿ ತಾಳ. ಇಲ್ಲಿಂದ ಬೆಂಗಳೂರಿಗೆ ಸುಮಾರು 7,700 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಅಂದರೆ ನೇರ ತಂತಿ ಎಳೆದಿದ್ದರೂ ಹೋಗಿ ಬರಲು 77 ಮಿಲಿಸೆಕೆಂಡು ಬೇಕೇ ಬೇಕು. ತಂತಿ ನೇರ ಇಲ್ಲ, ಹಾಗಾಗಿ ಇನ್ನೂ ಹೆಚ್ಚು. ಬೆಂಗಳೂರಿನ ಸರ್ವರಿನಲ್ಲಿರುವ ತೆರಿಗೆಯ ಪುಟ ತೆರೆಯಲು ತಡವಾದರೆ ಕಂಪೈಲರ್ ಏನು ಮಾಡೀತು? ಗಾಡಿ ಟೋಲ್ ಗೇಟಿನಲ್ಲಿ ನಿಂತಿರುವಾಗ ಎಂಜಿನ್ ಟ್ಯೂನ್ ಮಾಡಿಸಿದ ಹಾಗಾಯಿತು.

1967ರಲ್ಲಿ ಜೀನ್ ಆಮ್ಡಾಲ್ ಹೇಳಿದ ನಿಯಮವನ್ನು ಲೆಕ್ಕದವರ ಭಾಷೆಯಲ್ಲಿ ಹೇಳುತ್ತೇನೆ. ದೊಡ್ಡ ಫೈಲೊಂದು ತೆರೆಯಲು 100 ಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳಿ. ಅದರಲ್ಲಿ 45 ಡಿಸ್ಕಿಗೆ ಕಾದದ್ದು, 40 ಮೆಮೊರಿಗೆ ಕಾದದ್ದು, 15 ಮಾತ್ರ ಶುದ್ಧ ಲೆಕ್ಕ. ಹೊಲಿಸಿದ ಕಂಪೈಲ್‌ನಿಂದ ಲೆಕ್ಕದ ಭಾಗ ಒಂದೂವರೆ ಪಟ್ಟು ವೇಗವಾಯಿತು. 15 ಇದ್ದದ್ದು 10 ಆಯಿತು. ಒಟ್ಟು 95. ಅದೇ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿದರೆ 45 ಇದ್ದದ್ದು 5 ಆಗಬಹುದು. ಒಟ್ಟು 60. ದೊಡ್ಡ ಖರ್ಚಿನ ಶೀರ್ಷಿಕೆ ಬಿಟ್ಟು ಪೆನ್ನು-ಪೆನ್ಸಿಲ್ಲಿನ ಖರ್ಚು ಕಡಿತ ಮಾಡುವ ಆಡಳಿತ ಮಂಡಳಿಗಳನ್ನು ನಾವೆಲ್ಲ ನೋಡಿದ್ದೇವೆ.

ಅಂದಾಜಿನ ಮಾತಾಯಿತು, ನಡೆದದ್ದು ಹೇಳುತ್ತೇನೆ. 2025ರ ಅಕ್ಟೋಬರ್‌ನಲ್ಲಿ ಉಬುಂಟು 25.10 ವಿ3 ಅಳತೆಯ ಪ್ಯಾಕೇಜುಗಳನ್ನು ಬಯಸಿದವರಿಗೆ ಕೊಟ್ಟಿತು. ಕೊಟ್ಟವರೇ ಹೇಳಿದ್ದು: ಹೆಚ್ಚಿನ ಪ್ಯಾಕೇಜುಗಳಲ್ಲಿ ಲಾಭ ಶೇಕಡಾ 1ರ ಆಸುಪಾಸು, ಅಂಕಿ-ಸಂಖ್ಯೆಯ ಲೆಕ್ಕ ಮಾಡುವ ಕೆಲವದರಲ್ಲಿ ಅದಕ್ಕಿಂತ ಹೆಚ್ಚು. ಇಂಟೆಲ್ ಕಂಪನಿ ತನ್ನ ಚಿಪ್ಪುಗಳಿಗೆಂದೇ ತಿದ್ದಿ ತೀಡಿದ ಕ್ಲಿಯರ್ ಲಿನಕ್ಸ್ ಎಂಬುದನ್ನು ವರ್ಷಗಟ್ಟಲೆ ನಡೆಸಿತು. ವೇಗದ ಪರೀಕ್ಷೆಗಳಲ್ಲಿ ಅದು ಮುಂದಿನ ಸಾಲಿನಲ್ಲೇ ಇರುತ್ತಿತ್ತು. 2025ರ ಜುಲೈನಲ್ಲಿ ಅದನ್ನು ನಿಲ್ಲಿಸಲಾಯಿತು. ಮೂಲದಿಂದ ಕಂಪೈಲ್ ಮಾಡುವುದೇ ಧರ್ಮವಾಗಿದ್ದ ಜೆಂಟೂ ಕೂಡ 2023ರ ಡಿಸೆಂಬರ್‌ನಲ್ಲಿ ಸಿದ್ಧ ಪ್ಯಾಕೇಜುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಡತೊಡಗಿತು.

ನಿಮಗೆ ಗೊತ್ತಿಲ್ಲದೆ ಆಗಲೇ ಹೊಲಿದ ಅಂಗಿ

ಲಾಭ ಇಷ್ಟು ಕಡಿಮೆ ಯಾಕೆ? ಹೊಲಿಗೆ ಅಗತ್ಯವಿದ್ದ ಕಡೆಗಳಲ್ಲಿ ಬೇರೆಯವರು ಅದನ್ನು ಆಗಲೇ ಮಾಡಿಟ್ಟಿದ್ದಾರೆ, ಅದಕ್ಕೆ.

ವಿಡಿಯೋ ತೋರಿಸುವ ಎಫ್‌ಎಫ್‌ಎಂಪೆಗ್‌ನಂಥ ತಂತ್ರಾಂಶಗಳಲ್ಲಿ ಪ್ರತಿ ಬಗೆಯ ಚಿಪ್ಪಿಗೂ ಕೈಯಿಂದ ಬರೆದ ಆಜ್ಞೆಗಳಿವೆ. ಬ್ಯಾಂಕಿನ ಪುಟದ ಗೂಢಲಿಪಿಗೆ ಬಳಸುವ ಓಪನ್‌ಎಸ್‌ಎಸ್‌ಎಲ್, ಚಿಪ್ಪಿನಲ್ಲಿ ಅದಕ್ಕೆಂದೇ ಇರುವ ಆಜ್ಞೆಗಳು ಸಿಕ್ಕರೆ ಓಡುವಾಗಲೇ ಅವನ್ನು ಆರಿಸಿಕೊಳ್ಳುತ್ತದೆ. ಲಿನಕ್ಸಿನ ಮೂಲ ಗ್ರಂಥಾಲಯ ಮೆಮೊರಿ ನಕಲು ಮಾಡುವುದಕ್ಕೂ ಹೀಗೇ ಆರಿಸುತ್ತದೆ. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟನ್ನು ಬ್ರೌಸರ್ ನಿಮ್ಮ ಯಂತ್ರದಲ್ಲೇ, ನಿಮ್ಮ ಪ್ರೊಸೆಸರಿಗೇ ಆಗಿಂದಾಗಲೇ ಕಂಪೈಲ್ ಮಾಡುತ್ತದೆ. ಆಂಡ್ರಾಯ್ಡ್ ಫೋನುಗಳು 2016ರ 7ನೇ ಆವೃತ್ತಿಯಿಂದ ನೀವು ಹೆಚ್ಚು ಬಳಸುವ ಆ್ಯಪ್ ಭಾಗಗಳನ್ನು ಗುರುತಿಟ್ಟುಕೊಂಡು, ಚಾರ್ಜಿಗೆ ಹಾಕಿ ಸುಮ್ಮನಿಟ್ಟ ಹೊತ್ತಿನಲ್ಲಿ ಕಂಪೈಲ್ ಮಾಡಿಡುತ್ತವೆ. ಅಂದರೆ ನಮ್ಮ ಅಜ್ಜಿಯಂದಿರೂ ರಾತ್ರಿ ಮಲಗಿದಾಗ ಕಂಪೈಲ್ ಮಾಡುತ್ತಿದ್ದಾರೆ, ಅವರಿಗೆ ತಿಳಿಯದು ಅಷ್ಟೆ.

ಚಿಪ್ಪಿನ ಅಳತೆಗಿಂತ ಬೇರೆ ಸೂಚನೆಗಳಿಂದ ಹೆಚ್ಚು ಲಾಭ ಬಂದದ್ದೂ ಇದೆ. ಆಮ್‌ಸ್ಟರ್‌ಡ್ಯಾಮಿನಲ್ಲೇ ಹುಟ್ಟಿದ ಪೈಥಾನ್ ಭಾಷೆಯನ್ನು 2020ರ ಫೆಡೋರಾ 32ರಲ್ಲಿ ಒಂದು ಕಂಪೈಲ್ ಸೂಚನೆ ಬದಲಿಸಿ ಕಟ್ಟಿದಾಗ ಶೇಕಡಾ 5ರಿಂದ 27ರಷ್ಟು ವೇಗ ಹೆಚ್ಚಿತು. ಆ ಸೂಚನೆಗೂ ಯಾವ ಪ್ರೊಸೆಸರ್ ಎಂಬುದಕ್ಕೂ ಸಂಬಂಧವೇ ಇಲ್ಲ.

ಹೊಲಿಗೆಯ ಕೂಲಿ

ನಮ್ಮ ಜೆಂಟೂ ಮಿತ್ರರ ಪರವಾಗಿ ಉದಾರವಾಗಿ ಲೆಕ್ಕ ಹಾಕೋಣ. ಬ್ರೌಸರಿನಲ್ಲಿ ಶೇಕಡಾ 2 ಲಾಭ ಎಂದಿಟ್ಟುಕೊಳ್ಳಿ. ದಿನಕ್ಕೆ ಬ್ರೌಸರಿಗಾಗಿ ಪ್ರೊಸೆಸರ್ ನಿಜವಾಗಿ ದುಡಿಯುವುದು 20 ನಿಮಿಷ. ಉಳಿತಾಯ 24 ಸೆಕೆಂಡು. ಬ್ರೌಸರಿನ ಹೊಸ ಆವೃತ್ತಿ ನಾಲ್ಕು ವಾರಕ್ಕೊಮ್ಮೆ ಬರುತ್ತದೆ ಎಂದುಕೊಳ್ಳಿ. 28 ದಿನಕ್ಕೆ ಸುಮಾರು 11 ನಿಮಿಷ. ಅದನ್ನು ಹಳೇ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಲು 6 ಗಂಟೆ ಎಂದುಕೊಳ್ಳಿ. 11 ನಿಮಿಷ ಗಳಿಸಲು 360 ನಿಮಿಷ. ರಾತ್ರಿ ಮಲಗಿದಾಗ ಮಾಡಿಸಬಹುದು, ಒಪ್ಪಿದೆ. 45 ವ್ಯಾಟಿನಂತೆ ಕಾಲು ಯೂನಿಟ್‌ಗೆ ಸ್ವಲ್ಪ ಹೆಚ್ಚು ಕರೆಂಟು. ಯೂನಿಟ್‌ಗೆ 30 ಸೆಂಟ್ ಹಿಡಿದರೂ ಸುಮಾರು 8 ಸೆಂಟ್ ಅಷ್ಟೆ. ಹಣ ದೊಡ್ಡದಲ್ಲ. ಆದರೆ ತಿಂಗಳಿಗೊಮ್ಮೆ ಕಂಪೈಲ್ ಅರ್ಧಕ್ಕೆ ನಿಂತು ಅದನ್ನು ಸರಿಪಡಿಸಲು ನಿಮ್ಮ ಭಾನುವಾರದ ಒಂದು ಗಂಟೆ ಹೋದರೆ ಲಾಭವೆಲ್ಲ ಅಲ್ಲೇ ಮುಗಿಯಿತು. ಭದ್ರತೆಯ ತುರ್ತು ನವೀಕರಣ ಬಂದಾಗ ಕಂಪೈಲ್ ಮುಗಿಯುವ ತನಕ ಕಾಯಬೇಕು ಎಂಬುದನ್ನೂ ಖರ್ಚಿಗೆ ಬರೆದುಕೊಳ್ಳಿ. ಈ ಯಂತ್ರಕ್ಕೆ ಹೊಲಿದ ಪ್ರತಿಯನ್ನು ಊರಿನ ಹಳೇ ಯಂತ್ರಕ್ಕೆ ಒಯ್ದರೆ, ತನಗೆ ಬಾರದ ಆಜ್ಞೆ ಕಂಡ ಪ್ರೊಸೆಸರ್ ಕಾರ್ಯಕ್ರಮವನ್ನೇ ನಿಲ್ಲಿಸಿಬಿಡುತ್ತದೆ.

ಕಲಿಕೆ ಬೇರೆ ಮಾತು. ಒಂದು ವರ್ಷ ಜೆಂಟೂ ಬಳಸಿದ ಹುಡುಗನಿಗೆ ಕಂಪ್ಯೂಟರಿನ ಒಳಗು ಚೆನ್ನಾಗಿ ತಿಳಿಯುತ್ತದೆ. ಅದು ಶಿಕ್ಷಣದ ಖಾತೆಗೆ ಸೇರಬೇಕಾದ ಖರ್ಚು, ವೇಗದ ಖಾತೆಗಲ್ಲ.

ಕೊನೆಯ ಅಂಕಿಯ ವಿಷಯ

ಲೆಕ್ಕಪರಿಶೋಧಕನಾಗಿ ಒಂದು ಎಚ್ಚರಿಕೆ ಹೇಳದೆ ಇಳಿಯುವಂತಿಲ್ಲ. ಹೊಸ ಚಿಪ್ಪುಗಳಲ್ಲಿ ಗುಣಿಸಿ ಕೂಡಿಸುವ ಎರಡು ಕೆಲಸವನ್ನು ಒಂದೇ ಏಟಿಗೆ ಮಾಡುವ ಆಜ್ಞೆಯಿದೆ, ಹೆಸರು ಎಫ್‌ಎಂಎ. ಬಿಡಿಯಾಗಿ ಮಾಡಿದರೆ ಎರಡು ಸಲ ಅಂಕಿ ದುಂಡಗಾಗುತ್ತದೆ, ಒಟ್ಟಿಗೆ ಮಾಡಿದರೆ ಒಂದೇ ಸಲ. ಉತ್ತರ ಹೆಚ್ಚು ನಿಖರವೇ, ಆದರೆ ಬೇರೆ. ಜಿಸಿಸಿ ಕಂಪೈಲರಿಗೆ "ಮಾರ್ಚ್ ನೇಟಿವ್" ಎಂದರೆ ಕೇಳದೆಯೇ ಇದನ್ನು ಬಳಸಬಹುದು. "ಫಾಸ್ಟ್ ಮ್ಯಾತ್" ಎಂಬ ಇನ್ನೊಂದು ಸೂಚನೆಯಂತೂ ಕೂಡುವ ಕ್ರಮವನ್ನೇ ಬದಲಿಸಲು ಅನುಮತಿ ಕೊಟ್ಟುಬಿಡುತ್ತದೆ. ಒಂದೇ ಮೂಲ, ಒಂದೇ ದತ್ತಾಂಶ, ಎರಡು ಯಂತ್ರ; ಹದಿನಾರನೇ ಅಂಕಿಯಲ್ಲಿ ವ್ಯತ್ಯಾಸ. ಸಾಲು ಲಕ್ಷವಾದರೆ ಅದು ಬೆಳೆಯುತ್ತದೆ. "ವ್ಯತ್ಯಾಸ ಸೊನ್ನೆಯೇ?" ಎಂದು ಕೇಳುವ ತಾಳೆ ಪರೀಕ್ಷೆ ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ ಎನ್ನುತ್ತದೆ. ಹಾಗಾಗಿ ಹಣದ ಲೆಕ್ಕದ ತಂತ್ರಾಂಶ ಬರೆಯುವ ಮಿತ್ರರಿಗೆ ನನ್ನ ವಿನಂತಿ: ಹಣವನ್ನು ಪೈಸೆಯಲ್ಲಿ, ಸೆಂಟಿನಲ್ಲಿ ಪೂರ್ಣಾಂಕವಾಗಿ ಇಡಿ, ಇಲ್ಲವೇ ದಶಮಾಂಶದ ವಿಧಾನ ಬಳಸಿ. ಪ್ರಬಂಧ ಬರೆಯುವ ಸಂಶೋಧಕರಿಗೆ: ಯಾವ ಯಂತ್ರ, ಯಾವ ಕಂಪೈಲರ್, ಯಾವ ಸೂಚನೆ ಎಂಬುದನ್ನು ವೋಚರಿನಂತೆ ಜೊತೆಗಿಡಿ. ತಾಳೆಯಾಗದ ವೇಗ ಯಾರಿಗೂ ಬೇಡ.

ಹಾಗಾದರೆ ಏನು ಮಾಡಬೇಕು

ಮೊದಲು ತಪಾಸಣೆ. ಯಂತ್ರ ನಿಧಾನ ಎನಿಸಿದ ಕ್ಷಣದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಯಾವ ಪಟ್ಟಿ ತುಂಬಿದೆ ನೋಡಿ. ಡಿಸ್ಕ್ ನೂರಕ್ಕೆ ಮುಟ್ಟಿದ್ದರೆ ಎಸ್‌ಎಸ್‌ಡಿ ಹಾಕಿಸಿ. ಮೆಮೊರಿ ತುಂಬಿದ್ದರೆ ಮೆಮೊರಿ ಹೆಚ್ಚಿಸಿ, ಬ್ರೌಸರಿನ ನಲವತ್ತು ಟ್ಯಾಬ್ ಮುಚ್ಚಿ. ಯಾವುದೂ ತುಂಬಿಲ್ಲ ಎಂದರೆ ವೈ-ಫೈ ನೋಡಿ. ಪ್ರೊಸೆಸರ್ ಒಂದೇ ತುಂಬಿ, ಗಂಟೆಗಟ್ಟಲೆ ಹಾಗೇ ಇದ್ದರೆ ಮಾತ್ರ ಹೊಲಿಗೆಯ ಮಾತು.

ವಿದ್ಯಾರ್ಥಿಗಳು ಆರ್ ಭಾಷೆಯಲ್ಲಿ ದೊಡ್ಡ ಕೋಷ್ಟಕಗಳ ಲೆಕ್ಕ ಮಾಡುತ್ತಿದ್ದರೆ ಇಡೀ ವ್ಯವಸ್ಥೆ ಕಂಪೈಲ್ ಮಾಡಬೇಡಿ. ಅದರ ಜೊತೆ ಬರುವ ಮೂಲ ಬ್ಲಾಸ್ ಗ್ರಂಥಾಲಯದ ಬದಲು ಓಪನ್‌ಬ್ಲಾಸ್ ಹಾಕಿ. ಅದು ನಿಮ್ಮ ಚಿಪ್ ನೋಡಿ ತನ್ನ ಲೆಕ್ಕದ ಕ್ರಮವನ್ನು ಆರಿಸಿಕೊಳ್ಳಬಲ್ಲದು. ಮ್ಯಾಟ್ರಿಕ್ಸ್ ಗುಣಾಕಾರಗಳು ಹಲವು ಪಟ್ಟು ಬೇಗ ಆಗುತ್ತವೆ. ನಿಮ್ಮದೇ ಫೋರ್ಟ್ರಾನ್ ಅಥವಾ ಸಿ ಪ್ರೋಗ್ರಾಂ ಇದ್ದರೆ ಅದೊಂದನ್ನು ಮಾತ್ರ "ಮಾರ್ಚ್ ನೇಟಿವ್" ಹಾಕಿ ಕಟ್ಟಿ, ಮೊದಲು ಉತ್ತರ ತಾಳೆ ನೋಡಿ, ಆಮೇಲೆ ಗಡಿಯಾರ ನೋಡಿ.

ವಿಂಡೋಸ್ 10 ಇರುವವರು ಗಾಬರಿಯಿಂದ ಹೊಸದು ಕೊಳ್ಳಬೇಕಿಲ್ಲ. ಯುರೋಪಿಯನ್ ಆರ್ಥಿಕ ವಲಯದ ಮನೆಬಳಕೆದಾರರಿಗೆ 2026ರ ಅಕ್ಟೋಬರ್ ತನಕ ಹೆಚ್ಚುವರಿ ಭದ್ರತಾ ನವೀಕರಣ ಉಚಿತ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಅದಕ್ಕೆ ಹೆಸರು ನೋಂದಾಯಿಸಬೇಕು. ಆಮೇಲೆ ಎಸ್‌ಎಸ್‌ಡಿ ಇರುವ ಹಳೇ ಯಂತ್ರಕ್ಕೆ ಯಾವುದಾದರೂ ಸಿದ್ಧ ಲಿನಕ್ಸ್ ಸಾಕು. ಅದರಲ್ಲಿ ಕನ್ನಡ ಓದಲು, ಬರೆಯಲು ಬೇಕಾದ ಯೂನಿಕೋಡ್ ಬೆಂಬಲವೂ ಇದೆ. ಊರಿನಲ್ಲಿರುವ ಹಿರಿಯರಿಗೆ ಅದನ್ನು ಕೂರಿಸಿಕೊಡುವ ಕೆಲಸವನ್ನು ನಮ್ಮ ಜೆಂಟೂ ಮಿತ್ರರು ವಹಿಸಿಕೊಂಡರೆ ಅವರ ವಿದ್ಯೆಗೆ ಅದಕ್ಕಿಂತ ಒಳ್ಳೆಯ ಬಳಕೆ ಬೇರೆ ಇಲ್ಲ.

ಯುಗಾದಿಯ ವಾದಕ್ಕೆ ನನ್ನ ತೀರ್ಪು ಇಷ್ಟು. ಕಿರಿಯ ಮಿತ್ರರು ಹೇಳಿದ್ದು ಜೀನೋಮಿಗೆ, ಹವಾಮಾನಕ್ಕೆ, ಬೆಳೆ ಮಾದರಿಗೆ ನಿಜ. ಮೇಲ್ ಓದುವ, ಫಾರ್ಮ್ ತುಂಬುವ ಲ್ಯಾಪ್‌ಟಾಪಿಗೆ ಅದು ನೂರಕ್ಕೆ ಒಂದೋ ಎರಡೋ, ಕೈಗೆ ತಿಳಿಯದು. ಹೊಸದು ಕೊಳ್ಳಬೇಡಿ ಎಂದದ್ದು ಮಾತ್ರ ಸರಿಯಾದ ಸಲಹೆಯೇ. ಎಂಟುನೂರು ಯೂರೋ ಉಳಿಸುವುದು ಕಂಪೈಲರ್ ಅಲ್ಲ, ಒಂದು ಸ್ಕ್ರೂಡ್ರೈವರ್ ಮತ್ತು ಒಂದು ಎಸ್‌ಎಸ್‌ಡಿ.

 ಪ್ರಶ್ನೆಗಳಿದ್ದರೆ ಊಟದ ಸಾಲಿನಲ್ಲಿ ಸಿಗುತ್ತೇನೆ.